ಕೆರೆ ಉಳಿಸಲು ಯಾವ ಕಾಯ್ದೆ, ಯಾವ ಕಚೇರಿ: ಧಾರವಾಡ, ಗದಗ, ಹಾವೇರಿಯವರಿಗೆ ಹಂತಹಂತದ ಮಾರ್ಗದರ್ಶಿ

ಊರ ಕೆರೆಯಂಗಳಕ್ಕೆ ಟಿಪ್ಪರ್‌ಗಟ್ಟಲೆ ಮಣ್ಣು ಬಂದು ಬೀಳುತ್ತಿದೆ. ನೀವು ಒಂದು ಅರ್ಜಿ ಬರೆದು ತಹಶೀಲ್ದಾರ್ ಕಚೇರಿಗೆ ಕೊಡುತ್ತೀರಿ. ಅಲ್ಲಿಂದ ಅದು ಸಣ್ಣ ನೀರಾವರಿ ಇಲಾಖೆಗೆ ಹೋಗುತ್ತದೆ. ಅವರು 'ಈ ಕೆರೆ ನಮ್ಮ ವ್ಯಾಪ್ತಿಯದಲ್ಲ' ಅಂತ ಹಿಂಬರಹ ಕೊಡುತ್ತಾರೆ. ಪಂಚಾಯತಿಯವರು 'ಮೊದಲು ಸರ್ವೇ ಆಗಲಿ' ಅನ್ನುತ್ತಾರೆ. ಅಷ್ಟರಲ್ಲಿ ಮಣ್ಣು ಬಿದ್ದ ಜಾಗದಲ್ಲಿ ತಗಡಿನ ಶೆಡ್ ಎದ್ದಿರುತ್ತದೆ.

ಅಧಿಕಾರಿಗಳ ಆಲಸ್ಯವೇ ಇದಕ್ಕೆ ಕಾರಣ ಅನ್ನುವುದು ಅರ್ಧ ಮಾತು. ಒಂದೇ ಕೆರೆಯ ಮೇಲೆ ಐದಾರು ಕಾಯ್ದೆಗಳಿವೆ. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಅಧಿಕಾರ. 'ಕೆರೆ ಹಾಳಾಗುತ್ತಿದೆ, ಕ್ರಮ ಕೈಗೊಳ್ಳಿ' ಅಂತ ಬರೆದ ಅರ್ಜಿಯನ್ನು ಯಾರು ಬೇಕಾದರೂ ಮುಂದಿನ ಟೇಬಲ್ಲಿಗೆ ದಾಟಿಸಬಹುದು. 'ಇಂಥ ಸರ್ವೇ ನಂಬರಿನಲ್ಲಿ ಇಂಥ ಸೆಕ್ಷನ್ ಉಲ್ಲಂಘನೆಯಾಗಿದೆ, ಅದನ್ನು ತಡೆಯುವ ಅಧಿಕಾರ ನಿಮಗಿದೆ' ಅಂತ ಬರೆದ ಅರ್ಜಿಯನ್ನು ದಾಟಿಸುವುದು ಅಷ್ಟು ಸುಲಭವಲ್ಲ. ಅಂಥ ಅರ್ಜಿ ಬರೆಯುವ ಮಟ್ಟಕ್ಕೆ ನಿಮ್ಮನ್ನು ತರುವುದೇ ಈ ಬರಹದ ಕೆಲಸ.

ಹಂತ 1: ನಿಮ್ಮ ಕೆರೆ ಕಾನೂನಿನ ಪ್ರಕಾರ ಏನು ಅಂತ ತಿಳಿಯಿರಿ

ಇಲ್ಲಿ ಎಡವುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕೆರೆಯಂಥ ನೀರು ನಿಲ್ಲುವ ಜಾಗಕ್ಕೆ ಜೌಗು ಪ್ರದೇಶ ಅನ್ನುತ್ತಾರೆ. ಹಾಗೆ ಅಂದ ಕೂಡಲೇ ಎಲ್ಲರೂ ಹಿಡಿಯುವುದು 2017ರ ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳನ್ನು. 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ ಅಡಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳಿವು. 2010ರ ಹಳೆಯ ನಿಯಮಗಳ ಜಾಗಕ್ಕೆ ಬಂದವು. ನಾಲ್ಕನೇ ನಿಯಮ ಓದಿದರೆ ಖುಷಿಯಾಗುತ್ತದೆ. ಯಾವ ರೀತಿಯ ಅತಿಕ್ರಮಣವೂ ಇಲ್ಲ. ಜಾಗವನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಹೊಸ ಕಾರ್ಖಾನೆ ಹಾಕುವಂತಿಲ್ಲ, ಇದ್ದದ್ದನ್ನು ದೊಡ್ಡದು ಮಾಡುವಂತಿಲ್ಲ. ಕಟ್ಟಡ ಒಡೆದ ಅವಶೇಷ, ಊರ ಕಸ, ಅಪಾಯಕಾರಿ ರಾಸಾಯನಿಕ ಸುರಿಯುವಂತಿಲ್ಲ. ಕಾರ್ಖಾನೆಯದಿರಲಿ, ನಗರದ್ದಿರಲಿ, ಹಳ್ಳಿಯದಿರಲಿ, ಶುದ್ಧೀಕರಿಸದ ಹೊಲಸು ನೀರು ಬಿಡುವಂತಿಲ್ಲ. ಕಳೆದ ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರಾವ ಕಾಯಂ ಕಟ್ಟಡವೂ ಬರುವಂತಿಲ್ಲ. ಬೇಟೆ ಇಲ್ಲ.

ಇಷ್ಟು ಗಟ್ಟಿ ನಿಯಮ ಇರುವಾಗ ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ತೊಡಕು ಇರುವುದು ವ್ಯಾಖ್ಯೆಯಲ್ಲಿ. ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಮನುಷ್ಯರು ಕಟ್ಟಿದ ಕೆರೆ, ಮತ್ತು ಮೀನು ಸಾಕಣೆ, ಉಪ್ಪು ತಯಾರಿಕೆ, ಮನರಂಜನೆ ಅಥವಾ ನೀರಾವರಿಗೆಂದೇ ಕಟ್ಟಿದ್ದು, ಇವ್ಯಾವುವೂ ಈ ನಿಯಮಗಳಲ್ಲಿ ಜೌಗು ಪ್ರದೇಶ ಅಲ್ಲ. ಈಗ ನಮ್ಮ ಭಾಗದ ಕೆರೆಗಳನ್ನು ನೆನಪಿಸಿಕೊಳ್ಳಿ. ಡಂಬಳದ ಕೆರೆ, ಹಾವೇರಿ ಜಿಲ್ಲೆಯ ಮದಗ-ಮಾಸೂರು ಕೆರೆ, ಎಲ್ಲವೂ ಹೊಲಕ್ಕೆ ನೀರುಣಿಸಲು ಕಟ್ಟಿದವು. ನೀರಸಾಗರ ಕಟ್ಟಿದ್ದು ಹುಬ್ಬಳ್ಳಿಗೆ ಕುಡಿಯುವ ನೀರು ಕೊಡಲು. ನಮ್ಮ ಕಪ್ಪು ಮಣ್ಣಿನ ಬಯಲಿನಲ್ಲಿ ಏರಿ ಕಟ್ಟದೆ ತಾನಾಗಿಯೇ ಆದ ಕೆರೆ ಸಿಗುವುದೇ ಅಪರೂಪ. ಹಾಗಾಗಿ ಬರೀ 2017ರ ನಿಯಮ ಹಿಡಿದುಕೊಂಡು ಹೋದರೆ 'ಇದು ನೀರಾವರಿ ಕೆರೆ, ಈ ನಿಯಮ ಅನ್ವಯಿಸುವುದಿಲ್ಲ' ಅನ್ನುವ ಒಂದು ಸಾಲಿನ ಉತ್ತರ ಸಿದ್ಧವಾಗಿರುತ್ತದೆ.

ಇನ್ನೊಂದು ಷರತ್ತೂ ಇದೆ. ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿರುವ ತಾಣಗಳಿಗೆ ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿ ಗುರುತಿಸಿದ ಜಾಗಗಳಿಗೆ ಮಾತ್ರ ಈ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಮೊದಲು ನಿಮ್ಮ ಕೆರೆ ಈ ಮೂರರಲ್ಲಿ ಯಾವುದು ನೋಡಿ.

ಒಂದು, ರಾಮ್ಸಾರ್ ತಾಣ ಅಥವಾ ವನ್ಯಜೀವಿ ಕಾಯ್ದೆಯ ಅಡಿ ರಕ್ಷಣೆ ಇರುವ ಕೆರೆ. ನಮ್ಮ ಭಾಗದ ಉದಾಹರಣೆ ಗದಗ ಜಿಲ್ಲೆಯ ಮಾಗಡಿ ಕೆರೆ. ಇದೂ ಮಳೆ ನೀರು ಹಿಡಿದು ನೀರಾವರಿಗೆ ಬಳಸಲು ಜನ ಕಟ್ಟಿದ ಕೆರೆಯೇ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾಯಿತು. ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆ ರಾಮ್ಸಾರ್ ಪಟ್ಟಿಗೂ ಸೇರಿತು. ಸಂರಕ್ಷಣಾ ಮೀಸಲು ಅನ್ನುವುದು 1972ರ ವನ್ಯಜೀವಿ ಕಾಯ್ದೆಯ 36ಎ ಸೆಕ್ಷನ್ ಅಡಿ ಬರುವ ಸ್ಥಾನ. ಅಲ್ಲಿ ಆ ಕಾಯ್ದೆಯೇ ಮುಂದೆ ನಿಲ್ಲುತ್ತದೆ. ದೂರು ಮೊದಲು ಹೋಗಬೇಕಾದದ್ದು ಅರಣ್ಯ ಇಲಾಖೆಗೆ.

ಎರಡು, ರಾಜ್ಯ ಸರ್ಕಾರ ಜೌಗು ಪ್ರದೇಶ ಅಂತ ಅಧಿಸೂಚನೆ ಹೊರಡಿಸಿದ ಕೆರೆ. ಇಲ್ಲಿ 2017ರ ನಿಯಮ ಪೂರ್ತಿ ಅನ್ವಯ.

ಮೂರು, ಉಳಿದ ಎಲ್ಲ ಕೆರೆಗಳು. ನಿಮ್ಮೂರಿನದು ಬಹುಶಃ ಇದೇ. ಹಾಗಂತ ಇದಕ್ಕೆ ರಕ್ಷಣೆ ಇಲ್ಲ ಅಂದುಕೊಳ್ಳಬೇಡಿ. ಭೂ ಕಂದಾಯ ಕಾಯ್ದೆ, ಕೆರೆ ಪ್ರಾಧಿಕಾರದ ಕಾಯ್ದೆ, ಜಲ ಮಾಲಿನ್ಯ ಕಾಯ್ದೆ, ಈ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ. ನನ್ನನ್ನು ಕೇಳಿದರೆ ಮಣ್ಣು ತುಂಬುವವರನ್ನು ತಕ್ಷಣ ನಿಲ್ಲಿಸಲು ಜೌಗು ನಿಯಮಕ್ಕಿಂತ ಇವೇ ಹೆಚ್ಚು ಉಪಯೋಗಕ್ಕೆ ಬೀಳುತ್ತವೆ.

ಸುಪ್ರೀಂ ಕೋರ್ಟ್ ಮಾತನ್ನೂ ತಿಳಿದಿರಿ. ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಉಪಗ್ರಹ ಚಿತ್ರ ನೋಡಿ 2.25 ಹೆಕ್ಟೇರ್‌ಗಿಂತ ದೊಡ್ಡ 2,01,503 ಜೌಗು ಪ್ರದೇಶಗಳನ್ನು ದೇಶದಲ್ಲಿ ಗುರುತಿಸಿತ್ತು. ಅಧಿಸೂಚನೆ ಆಗದಿದ್ದರೂ ಇವನ್ನು 2010ರ ನಿಯಮಗಳ ತತ್ವದಂತೆ ಕಾಪಾಡಬೇಕು ಅಂತ ಕೋರ್ಟ್ 2017ರಲ್ಲಿ ಹೇಳಿತು. ಮುಂದಿನ ಎಣಿಕೆಯಲ್ಲಿ ಈ ಸಂಖ್ಯೆ 2,31,195ಕ್ಕೆ ಏರಿತು. 2024ರ ಡಿಸೆಂಬರ್‌ನಲ್ಲಿ ಕೋರ್ಟ್, ರಾಜ್ಯಗಳು ಸ್ಥಳಕ್ಕೆ ಹೋಗಿ ಇವುಗಳ ಗಡಿ ಗುರುತಿಸುವ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಆದೇಶಿಸಿತು. ನಿಮ್ಮ ಕೆರೆ ಎರಡೂಕಾಲು ಹೆಕ್ಟೇರ್, ಅಂದರೆ ಸುಮಾರು ಐದೂವರೆ ಎಕರೆಗಿಂತ ದೊಡ್ಡದಿದ್ದರೆ ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ: ಇದು ಆ ಪಟ್ಟಿಯಲ್ಲಿದೆಯೇ, ಗಡಿ ಗುರುತು ಆಗಿದೆಯೇ?

ಹಂತ 2: ಕಾಗದದ ಮೇಲೆ ಕೆರೆ ಎಲ್ಲಿಂದ ಎಲ್ಲಿವರೆಗೆ

ಕೆರೆಯ ಉತಾರ (ಪಹಣಿ) ತೆಗೆಸಿ. ಭೂಮಿ ತಂತ್ರಾಂಶದಲ್ಲಿ ಸರ್ವೇ ನಂಬರ್ ಹಾಕಿದರೆ ಬರುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಏರಿಯ ಮೇಲೆ ನಿಲ್ಲಿ, ಅದೇ ತೋರಿಸುತ್ತದೆ. ಉತಾರದಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು. ಕಲಂ 9ರಲ್ಲಿ ಯಾರ ಹೆಸರಿದೆ? ಕಲಂ 3ರಲ್ಲಿ ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ, ಎಷ್ಟಿದೆ? 'ಬ' ಖರಾಬು ಅಂದರೆ ಕೆರೆ, ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ. ಖಾಸಗಿ ಸರ್ವೇ ನಂಬರಿನ ಒಳಗೆ ಇದ್ದರೂ ಅದು ಆ ರೈತನದಲ್ಲ. ಕೆರೆಗೆ ನೀರು ತರುವ ಹಳ್ಳ ಹೀಗೆ ಹತ್ತಾರು ಹೊಲಗಳ 'ಬ' ಖರಾಬಿನಲ್ಲಿ ಹರಿದು ಬಂದಿರುತ್ತದೆ. ಕೆರೆಯಂಗಳ ಚೊಕ್ಕಟವಾಗಿದ್ದು ಹಳ್ಳ ಮುಚ್ಚಿದ್ದರೆ ಕೆರೆ ಸತ್ತಂತೆಯೇ. ಅದಕ್ಕೆ ಸುತ್ತಲಿನ ಸರ್ವೇ ನಂಬರುಗಳ ಉತಾರವನ್ನೂ ತೆಗೆಸಿ.

ಆಮೇಲೆ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೇ ನಂಬರಿನ ವಿಸ್ತೀರ್ಣದ ಮೂಲ ದಾಖಲೆ), ಟಿಪ್ಪಣಿ (ಅಳತೆಯ ಮೂಲ ನಕಾಶೆ). ಮೊದಲನೆಯದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಉಳಿದವನ್ನು ಭೂದಾಖಲೆಗಳ ಕಚೇರಿಯಲ್ಲಿ ಕೇಳಬೇಕು. ಆಕಾರ್‌ಬಂದ್‌ನಲ್ಲಿ 40 ಎಕರೆ ಇದ್ದ ಕೆರೆ ಇವತ್ತಿನ ಉತಾರದಲ್ಲಿ 32 ಎಕರೆ ಆಗಿದ್ದರೆ ನಡುವೆ ಏನಾಯಿತು ಅಂತ ಮ್ಯುಟೇಶನ್ ನೋಡಿ ಪತ್ತೆ ಮಾಡಿ. ಜಮೀನು ಹೋಗಿದ್ದು ಟಿಪ್ಪರ್‌ನಿಂದಲ್ಲ, ಪೆನ್ನಿನಿಂದ ಅಂತ ಗೊತ್ತಾಗುವುದು ಇಂಥ ಕಡೆಯೇ.

ದಿಶಾಂಕ್ ತೋರಿಸುವ ಗೆರೆ ಕಾನೂನಿನ ಗಡಿಯಲ್ಲ. ಅದು ಅಂದಾಜಿಗೆ ಮಾತ್ರ. ಗಡಿ ಸಾಬೀತಾಗಬೇಕಾದರೆ ಹದ್ದುಬಸ್ತು ಆಗಬೇಕು. ಸರ್ವೇಯರ್ ಬಂದು ಅಳೆದು ಬಾಂದು ಕಲ್ಲು ನಿಲ್ಲಿಸಬೇಕು. ಸರ್ಕಾರಿ ಕೆರೆಯ ಅಳತೆಗೆ ಅರ್ಜಿ ಹಾಕಬೇಕಾದದ್ದು ಅದನ್ನು ನೋಡಿಕೊಳ್ಳುವ ಇಲಾಖೆ ಅಥವಾ ಪಂಚಾಯತಿ. ನೀವು ಮಾಡಬೇಕಾದದ್ದು ಅವರಿಂದ ಆ ಅರ್ಜಿ ಹಾಕಿಸುವುದು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದರೆ ಕೆಲಸ ಬೇಗ ಆಗುತ್ತದೆ.

ಹಂತ 3: ಕೆರೆಯ ಜವಾಬ್ದಾರಿ ಯಾರದು

ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಯ ಕೆರೆ. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಉಣಕಲ್, ತೋಳನಕೆರೆ, ಸಾಧನಕೇರಿಯಂಥ ನಗರದೊಳಗಿನ ಕೆರೆಗಳ ಬಗ್ಗೆ ಮೊದಲು ಪಾಲಿಕೆಯನ್ನು ಕೇಳಿ. ಖಾಸಗಿ ಆಸ್ತಿ ಅಲ್ಲದ ಕೆರೆಯ ನೆಲ ಮಾತ್ರ ಸರ್ಕಾರದ್ದು. ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹಾಗೆ ಹೇಳುತ್ತದೆ. ಹಾಗಾಗಿ ಯಾರು ನೋಡಿಕೊಳ್ಳುತ್ತಿದ್ದರೂ ತಹಶೀಲ್ದಾರರು 'ನನಗೆ ಸಂಬಂಧವಿಲ್ಲ' ಅನ್ನುವಂತಿಲ್ಲ.

ಇವರೆಲ್ಲರ ಮೇಲೆ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇದೆ. 2014ರ ಕಾಯ್ದೆಯಿಂದ ಬಂದದ್ದು. ಕೆರೆ ಜಾಗ ಹಿಡಿಯುವುದು, ಕಟ್ಟಡ ಕಟ್ಟುವುದು, ಕಸ ಮತ್ತು ಅವಶೇಷ ಸುರಿಯುವುದು ಈ ಕಾಯ್ದೆಯಲ್ಲಿ ನಿಷೇಧ. ನೀರಾವರಿ ಕೆರೆ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಹಂತ 4: ಅನುಮತಿ ಇದೆಯೇ ಅಂತ ಕೇಳಿ

ಕೆರೆ ಬಳಿ ಕೆಲಸ ನಡೆಯುತ್ತಿದ್ದರೆ ಜಗಳಕ್ಕೆ ಇಳಿಯುವ ಮೊದಲು ಅನುಮತಿ ಪತ್ರ ಹುಡುಕಿ. ಅನುಮತಿಯೇ ಇಲ್ಲದಿದ್ದರೆ ದೂರು ಸುಲಭ. ಇದ್ದರೆ ಅದರಲ್ಲಿ ಹಾಕಿದ ಷರತ್ತು ನೋಡಿ. ಬಹುತೇಕ ಉಲ್ಲಂಘನೆಗಳು ಷರತ್ತುಗಳಲ್ಲೇ ಸಿಕ್ಕಿಬೀಳುತ್ತವೆ.

ಹೊಲದಲ್ಲಿ ಲೇಔಟ್ ಬರುತ್ತಿದ್ದರೆ ಸಾಮಾನ್ಯವಾಗಿ ಮೊದಲು ಎನ್‌ಎ (ಕೃಷಿಯೇತರ) ಆಗಿರಬೇಕು. ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಕೊಡುವ ಭೂಪರಿವರ್ತನೆ ಆದೇಶ ಅದು. ಆಮೇಲೆ ಬಡಾವಣೆ ನಕ್ಷೆಗೆ ಮಂಜೂರಾತಿ. ಹುಬ್ಬಳ್ಳಿ-ಧಾರವಾಡದಲ್ಲಿ ಅದನ್ನು ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ. ಆ ನಕ್ಷೆಯ ಪ್ರತಿ ತೆಗೆಸಿ, ಹಳ್ಳ ಮತ್ತು ಕೆರೆಯ ಅಂಚಿನ ಮೀಸಲು ಜಾಗ ಬಿಟ್ಟಿದ್ದಾರಾ ನೋಡಿ. ಎಷ್ಟು ಬಿಡಬೇಕು ಅನ್ನುವುದು ಆಗಾಗ ಬದಲಾಗುವ ಲೆಕ್ಕ. ಅಧಿಸೂಚಿತ ಜೌಗು ಪ್ರದೇಶಕ್ಕೆ ಮೇಲೆ ಹೇಳಿದ 50 ಮೀಟರ್. ಬೆಂಗಳೂರಿನ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) 2016ರಲ್ಲಿ 75 ಮೀಟರ್ ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಜ್ಯದಲ್ಲಿ ಬಹಳ ಕಾಲ ಕೆರೆಗೆ 30 ಮೀಟರ್ ಲೆಕ್ಕ ನಡೆದಿತ್ತು. 2025ರಲ್ಲಿ ಕೆರೆಯ ಅಳತೆಗೆ ತಕ್ಕಂತೆ ಅದನ್ನು ಇಳಿಸುವ ತಿದ್ದುಪಡಿ ಮಸೂದೆ ವಿಧಾನಸಭೆಗೆ ಬಂತು. ಎಲ್ಲೋ ಓದಿದ 75 ಮೀಟರ್ ಇಟ್ಟುಕೊಂಡು ಅರ್ಜಿ ಬರೆದರೆ ಎದುರಿನವರ ವಕೀಲರು ಅದನ್ನೇ ಹಿಡಿದು ನಿಮ್ಮ ಇಡೀ ಅರ್ಜಿಯನ್ನು ತೇಲಿಸಿಬಿಡುತ್ತಾರೆ. ಬರೆಯುವ ದಿನ ಜಾರಿಯಲ್ಲಿರುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಕಾಯ್ದೆ ನೋಡಿ ಬರೆಯಿರಿ.

ಕಾರ್ಖಾನೆ, ಗ್ಯಾರೇಜು, ಕಲ್ಯಾಣ ಮಂಟಪ, ಯಾವುದೇ ಇರಲಿ, ಕೊಳಚೆ ನೀರು ಹೊರಬಿಡುವವರು 1974ರ ಜಲ ಮಾಲಿನ್ಯ ಕಾಯ್ದೆಗೆ ಒಳಪಡುತ್ತಾರೆ. 25ನೇ ಸೆಕ್ಷನ್ ಪ್ರಕಾರ ಉದ್ಯಮ ಶುರು ಮಾಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ, ನಡೆಸಲು ಕಾರ್ಯಾಚರಣೆ ಸಮ್ಮತಿ ಪಡೆಯಬೇಕು. ದಿನಕ್ಕೆ ಎಷ್ಟು ನೀರು, ಎಲ್ಲಿಗೆ ಬಿಡಬೇಕು, ಎಷ್ಟು ಶುದ್ಧವಾಗಿರಬೇಕು ಅಂತ ಸಮ್ಮತಿ ಪತ್ರದಲ್ಲೇ ಬರೆದಿರುತ್ತದೆ. ನಗರದ ಕೊಳಚೆ ಶುದ್ಧೀಕರಣ ಘಟಕಕ್ಕೂ ಇದೇ ನಿಯಮ. ಪಾಲಿಕೆ, ಪುರಸಭೆ ಅಂತ ವಿನಾಯಿತಿ ಇಲ್ಲ. ಕೆರೆಯ ತುಂಬ ಜಲಕಳೆ ಹಬ್ಬಿದೆ ಅಂದರೆ ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ ಆಗಿದೆ ಅಂತಲೇ. ಕಳೆ ತೆಗೆಸಲು ಟೆಂಡರ್ ಕರೆಯುತ್ತಲೇ ಇರಬಹುದು. ಕೊಳಚೆ ಬರುವ ನಾಲೆಯನ್ನು ಹಿಡಿಯದಿದ್ದರೆ ಅದು ವರ್ಷವರ್ಷದ ಖರ್ಚು ಅಷ್ಟೇ.

ಹೂಳು ಎತ್ತುವುದಕ್ಕೂ ಕೆರೆಯ ಜವಾಬ್ದಾರಿ ಇರುವ ಇಲಾಖೆಯ ಒಪ್ಪಿಗೆ ಬೇಕು. ರೈತರು ಹೊಲಕ್ಕೆ ಗೋಡು ಒಯ್ಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಆದರೆ ಅದೇ ಹೆಸರಿನಲ್ಲಿ ಮಣ್ಣು, ಗರಸು ಅಗೆದು ಮಾರಿದರೆ ಅದು ಗಣಿಗಾರಿಕೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಕೇಳಿ. ಮೀನು ಹಿಡಿಯುವ ಗುತ್ತಿಗೆ ಮೀನಿಗೆ ಮಾತ್ರ, ನೆಲದ ಮೇಲೆ ಹಕ್ಕು ಕೊಡುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕೆರೆ ಕಿರಿದಾಗುವುದು ಖಾಸಗಿಯವರಿಂದ ಮಾತ್ರ ಅಲ್ಲ. 'ಕೆರೆ ಅಭಿವೃದ್ಧಿ' ಅನ್ನುವ ಫಲಕ ಹಾಕಿ, ನೀರಿನ ಅಂಚಿನ ಒಳಗೇ ಮಣ್ಣು ಏರಿಸಿ, ಕಾಂಕ್ರೀಟು ವಾಕಿಂಗ್ ಪಾತ್, ಕಾರಂಜಿ, ತಿಂಡಿ ಅಂಗಡಿ ಕಟ್ಟುವ ಯೋಜನೆಗಳೂ ಇವೆ. ಹಕ್ಕಿಗೆ ಬೇಕಾದದ್ದು ಇಳಿಜಾರು ಕೆಸರಿನ ಅಂಚು. ಕಲ್ಲು ಕಟ್ಟಿದ ಗೋಡೆ ಬದಿಯಲ್ಲಿ ಅದಕ್ಕೆ ಕಾಲೂರಲೂ ಜಾಗ ಇರುವುದಿಲ್ಲ. ಇಂಥ ಯೋಜನೆ ಬಂದಾಗ ವಿವರವಾದ ಯೋಜನಾ ವರದಿ ಕೇಳಿ. ಕೆಲಸಕ್ಕೆ ಮೊದಲು ನೀರು ನಿಲ್ಲುವ ಜಾಗ ಎಷ್ಟು, ಆಮೇಲೆ ಎಷ್ಟು ಅನ್ನುವ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಕೇಳಿ.

ಹಂತ 5: ಸಾಕ್ಷಿ ಕೂಡಿಸಿ

ಜಿಪಿಎಸ್ ಮತ್ತು ದಿನಾಂಕ ಬರುವ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು, ತೂಬೋ ಗುಡಿಯೋ ಕಾಣುವಂತೆ ತೆಗೆದರೆ ಬದಲಾವಣೆ ಎದ್ದು ಕಾಣುತ್ತದೆ. ಗಾಡಿ ನಂಬರ್ ಕಂಡರೆ ಇನ್ನೂ ಒಳ್ಳೆಯದು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳಿವೆ, ಅವನ್ನು ದಿನಾಂಕ ಸಮೇತ ಪ್ರಿಂಟ್ ಹಾಕಿಸಿ.

ನಮ್ಮ ಕಡೆ ಕೆರೆಗಳು ಬೇಸಿಗೆಗೆ ಒಣಗುತ್ತವೆ. ಮಣ್ಣು ತುಂಬುವವರು ಬರುವುದೂ ಆಗಲೇ. 'ಇಲ್ಲಿ ನೀರೇ ಇರಲಿಲ್ಲ' ಅನ್ನುವುದು ಅವರ ಮೊದಲ ಮಾತು. ಅದಕ್ಕೆ ಉತ್ತರ ಹಿಂಗಾರು ಮಳೆಯ ನಂತರ, ಕೆರೆ ತುಂಬಿ ಕೋಡಿ ಬಿದ್ದಾಗ ತೆಗೆದ ಫೋಟೊ. ನೀರು ಎಲ್ಲಿವರೆಗೆ ಬಂದಿತ್ತು ಅಂತ ತೋರಿಸುವ ಆ ಚಿತ್ರ ಪ್ರತಿ ವರ್ಷ ಒಂದು ಇರಲಿ. ನೀರು ವರ್ಷವಿಡೀ ಇರಬೇಕು ಅಂತ ಜೌಗು ಪ್ರದೇಶದ ವ್ಯಾಖ್ಯೆಯಲ್ಲೂ ಇಲ್ಲ. ತಾತ್ಕಾಲಿಕವಾಗಿ ನೀರು ನಿಲ್ಲುವ ಜಾಗವೂ ಅದರಲ್ಲಿ ಸೇರುತ್ತದೆ.

ಹೊಲಸು ನೀರಿನ ವಿಷಯದಲ್ಲಿ ಒಂದು ಎಚ್ಚರ. ನೀವೇ ಬಾಟಲಿಯಲ್ಲಿ ಹಿಡಿದು ತಂದ ನೀರಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಜಲ ಮಾಲಿನ್ಯ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಹೇಳಿದ ಕ್ರಮದಂತೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಸಾಕ್ಷಿ. ದೂರಿನಲ್ಲಿ ಅದನ್ನೇ ಕೇಳಿ. ಕಾರ್ಖಾನೆ ರಾತ್ರಿ ನೀರು ಬಿಡುತ್ತಿದ್ದರೆ ಸಮಯವನ್ನೂ ಬರೆಯಿರಿ.

ಟಿಪ್ಪರ್‌ಗೆ ಅಡ್ಡ ನಿಲ್ಲುವುದು, ಒಬ್ಬರೇ ಹೋಗಿ ವಿಡಿಯೊ ಮಾಡುವುದು ಬೇಡ. ಮಣ್ಣಿನ ದಂಧೆಯಲ್ಲಿ ದುಡ್ಡು ಜಾಸ್ತಿ ಇದೆ. ಗುಂಪಾಗಿ ಹೋಗಿ. ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಿ.

ಹಂತ 6: ದೂರು ಬರೆಯುವುದು

ಒಂದು ಪುಟ ಸಾಕು. ಕೆರೆಯ ಇತಿಹಾಸ, ಪೂರ್ವಜರ ತ್ಯಾಗ ಬೇಡ. ಮಾದರಿ ಹೀಗಿರಲಿ:

'ಮಾನ್ಯರೇ, ____ ತಾಲೂಕು ____ ಗ್ರಾಮದ ಸರ್ವೇ ನಂ. ____ರಲ್ಲಿ ____ ಎಕರೆ ____ ಗುಂಟೆ ಸರ್ಕಾರಿ ಕೆರೆ ಇರುತ್ತದೆ (ಉತಾರ ಲಗತ್ತಿಸಿದೆ). ದಿನಾಂಕ ____ರಿಂದ ಕೆರೆಯ ____ ದಿಕ್ಕಿನ ಅಂಗಳದಲ್ಲಿ ಮಣ್ಣು ತುಂಬಿ ಶೆಡ್ ನಿರ್ಮಿಸಲಾಗುತ್ತಿದೆ (ಫೋಟೊ 1ರಿಂದ 6). ಇದು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 104 ಮತ್ತು 192ಎ ಹಾಗೂ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014ರ ಅಡಿ ಕ್ರಮಕ್ಕೆ ಒಳಪಡುತ್ತದೆ. ಕೋರಿಕೆ: ಒಂದು, ಕೆಲಸ ತಕ್ಷಣ ನಿಲ್ಲಿಸಿ ಸ್ಥಳ ಮಹಜರು ಮಾಡುವುದು. ಎರಡು, ಹದ್ದುಬಸ್ತು ಮಾಡಿಸುವುದು. ಮೂರು, ಅತಿಕ್ರಮಣ ತೆರವು ಮಾಡಿ, ತುಂಬಿದ ಮಣ್ಣನ್ನು ತೆಗೆಸುವುದು. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸುವುದು.'

'ಮಣ್ಣನ್ನು ತೆಗೆಸುವುದು' ಅನ್ನುವ ಸಾಲು ಬಿಡಬೇಡಿ. ಶೆಡ್ ಕೆಡವಿ ಫೋಟೊ ತೆಗೆದುಕೊಂಡು ಹೋಗುತ್ತಾರೆ, ತುಂಬಿದ ಮಣ್ಣು ಅಲ್ಲೇ ಇರುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಶೆಡ್ ಏಳುತ್ತದೆ.

ಅತಿಕ್ರಮಣವಾದರೆ ಅರ್ಜಿ ತಹಶೀಲ್ದಾರರಿಗೆ. ಹೊಲಸು ನೀರಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗೆ. ಕಸವಾದರೆ ಪಾಲಿಕೆ ಆಯುಕ್ತರಿಗೆ ಅಥವಾ ಪಿಡಿಒಗೆ. ಪ್ರತಿಯೊಂದರ ನಕಲು ಜಿಲ್ಲಾಧಿಕಾರಿಗೆ. ಒಂದೇ ಅರ್ಜಿಯಲ್ಲಿ ಎಲ್ಲರ ಹೆಸರು ಬರೆದರೆ ಎಲ್ಲರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಬೇರೆಬೇರೆ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ. ಸಾಹೇಬರ ಕೈಗೇ ಕೊಟ್ಟೆ, ಮಾಡ್ತೀನಿ ಅಂದರು ಅನ್ನುವುದು ದಾಖಲೆಯಲ್ಲ. 1902 ಸಹಾಯವಾಣಿಗೆ ಕರೆ ಮಾಡಿದರೂ ನೋಂದಣಿ ಸಂಖ್ಯೆ ಸಿಗುತ್ತದೆ, ಅದನ್ನೂ ಇಟ್ಟುಕೊಳ್ಳಿ.

ಹಂತ 7: ಅವರು ಏನೇನು ಮಾಡಬಲ್ಲರು

ಕಚೇರಿಗೆ ಯಾವ ಅಧಿಕಾರ ಇದೆ ಅಂತ ಗೊತ್ತಿದ್ದರೆ 'ನಾವು ಬರೀ ನೋಟಿಸು ಕೊಡಬಹುದು' ಅನ್ನುವ ಮಾತಿಗೆ ನೀವು ತಲೆಯಾಡಿಸುವುದಿಲ್ಲ.

ಕಂದಾಯ ಇಲಾಖೆ 104ನೇ ಸೆಕ್ಷನ್ ಅಡಿ ಅತಿಕ್ರಮಣ ತೆರವು ಮಾಡಬಹುದು. 192ಎ ಅಡಿ ಕ್ರಿಮಿನಲ್ ಪ್ರಕರಣ ಹೂಡಬಹುದು. ಸರ್ಕಾರಿ ಭೂಮಿ ಕಬಳಿಕೆಗೆ 2011ರ ಭೂಕಬಳಿಕೆ ನಿಷೇಧ ಕಾಯ್ದೆಯೂ ಇದೆ, ಬೆಂಗಳೂರಿನಲ್ಲಿ ಅದಕ್ಕೆಂದೇ ವಿಶೇಷ ನ್ಯಾಯಾಲಯ ಇದೆ. ಇಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: 'ಬಗರ್ ಹುಕುಂನಲ್ಲಿ ಅರ್ಜಿ ಹಾಕಿದ್ದೇವೆ, ಫಾರ್ಮ್ 57 ಬಾಕಿ ಇದೆ.' ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿ ಅಂತ ಹೀಗೆ ಅರ್ಜಿ ಹಾಕಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಕೆರೆಯಂಗಳದ ವಿಷಯದಲ್ಲಂತೂ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇರವಾಗಿ ಹೇಳಿದೆ. ಊರ ಕೆರೆ ಮುಚ್ಚಿ ಮನೆ ಕಟ್ಟಿ ಎಷ್ಟು ವರ್ಷ ಆಗಿದ್ದರೂ, ಎಷ್ಟು ದುಡ್ಡು ಸುರಿದಿದ್ದರೂ ಅದನ್ನು ಸಕ್ರಮ ಮಾಡಲು ಅದು ಕಾರಣವಲ್ಲ. ಈ ತೀರ್ಪಿನ ಹೆಸರು ಅರ್ಜಿಯಲ್ಲಿ ಇರಲಿ.

ಮಾಲಿನ್ಯ ನಿಯಂತ್ರಣ ಮಂಡಳಿಯ ದೊಡ್ಡ ಆಯುಧ ಜಲ ಮಾಲಿನ್ಯ ಕಾಯ್ದೆಯ 33ಎ ಸೆಕ್ಷನ್. ಉದ್ಯಮ ಮುಚ್ಚಿಸಬಹುದು, ಕರೆಂಟು, ನೀರು ಕಡಿತ ಮಾಡಿಸಬಹುದು. ಹೆಸ್ಕಾಂಗೆ ಪತ್ರ ಹೋದ ಮೇಲೆ ಎಷ್ಟೋ ಕಡೆ ಶುದ್ಧೀಕರಣ ಯಂತ್ರ ತಾನಾಗೇ ಓಡಲು ಶುರುವಾಗುತ್ತದೆ.

ಪರಿಸರ ಕಾಯ್ದೆಯ ಶಿಕ್ಷೆ ಬದಲಾಗಿರುವುದು ಗಮನದಲ್ಲಿರಲಿ. ಮೊದಲು ಐದು ವರ್ಷದವರೆಗೆ ಜೈಲು ಅಂತ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನಾಗಿ ಮಾಡಿತು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಜೌಗು ನಿಯಮಗಳ ಉಲ್ಲಂಘನೆಗೂ ಇದೇ. ಕೋಟಿ ಬಾಳುವ ಜಾಗಕ್ಕೆ ಈ ದಂಡ ಏನೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ದಂಡಕ್ಕಿಂತ ತೆರವು ಮತ್ತು ಮೊದಲಿನಂತೆ ಮಾಡಿಕೊಡುವುದನ್ನು ಒತ್ತಿ ಕೇಳಬೇಕು.

ಹಂತ 8: ಉತ್ತರ ಬರದಿದ್ದರೆ ಮಾಹಿತಿ ಹಕ್ಕು

ನಮೂನೆ 'ಎ'ಯಲ್ಲಿ, 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. 'ಯಾಕೆ ಕ್ರಮ ಕೈಗೊಂಡಿಲ್ಲ' ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಬರುತ್ತದೆ. ದಾಖಲೆ ಕೇಳಿ: ನನ್ನ ಇಂಥ ದಿನಾಂಕದ ದೂರಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಸ್ಥಳ ಮಹಜರಿನ ಪ್ರತಿ, ಕೊಟ್ಟ ನೋಟಿಸುಗಳ ಪ್ರತಿ, ಈ ಸರ್ವೇ ನಂಬರಿಗೆ ಕೊಟ್ಟ ಅನುಮತಿಗಳ ಪ್ರತಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಹಂತ 9: ಹಸಿರು ನ್ಯಾಯಮಂಡಳಿ, ಹೈಕೋರ್ಟು

ಹಸಿರು ನ್ಯಾಯಮಂಡಳಿಯಲ್ಲಿ ಕರ್ನಾಟಕಕ್ಕೆ ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು.

ಇಲ್ಲಿ ಜನ ಸೋಲುವುದು ತಾರೀಖಿನಲ್ಲಿ. ನ್ಯಾಯಮಂಡಳಿಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ತೊಂದರೆ ಮೊದಲು ಶುರುವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಸಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ನೀವು ದೂರು ಕೊಟ್ಟ ದಿನದಿಂದಲ್ಲ, ಮಣ್ಣು ಬೀಳಲು ಶುರುವಾದ ದಿನದಿಂದ ಲೆಕ್ಕ. ಯುಗಾದಿ ಹೊತ್ತಿಗೆ ಬಿದ್ದ ಮಣ್ಣಿಗೆ ದೀಪಾವಳಿವರೆಗೂ ಕಚೇರಿ ಅಲೆದರೆ ಅವಧಿ ಹೋಗಿರುತ್ತದೆ. ಹಾಳಾದ ಪರಿಸರವನ್ನು ಮೊದಲಿನಂತೆ ಮಾಡಿಕೊಡಿ ಅಂತ 15ನೇ ಸೆಕ್ಷನ್ ಅಡಿ ಕೇಳಲು ಮಾತ್ರ ಐದು ವರ್ಷ ಇದೆ. ತಡವಾಗಿದ್ದರೆ ಆ ದಾರಿ ನೋಡಿ.

ಇನ್ನೊಂದು ವಿಷಯ. ಪರಿಸರ ಕಾಯ್ದೆ, ಜಲ ಕಾಯ್ದೆ, ಜೀವವೈವಿಧ್ಯ ಕಾಯ್ದೆ ನ್ಯಾಯಮಂಡಳಿಯ ವ್ಯಾಪ್ತಿಯಲ್ಲಿವೆ. ವನ್ಯಜೀವಿ ಕಾಯ್ದೆ ಮತ್ತು ಭೂ ಕಂದಾಯ ಕಾಯ್ದೆ ಇಲ್ಲ. ಹಾಗಾಗಿ ಬರೀ ಉತಾರದ ಜಗಳ ಅಲ್ಲಿ ನಿಲ್ಲುವುದಿಲ್ಲ. ಅಂಥದ್ದಕ್ಕೆ ಹೈಕೋರ್ಟ್ ಇದೆ. 2013ರಿಂದ ಕಾಯಂ ಆಗಿರುವ ಧಾರವಾಡ ಪೀಠಕ್ಕೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರುತ್ತವೆ. ಕೋರ್ಟಿಗೆ ಹೋಗುವ ಮೊದಲು ಹಂತ 6ರ ಸೀಲು ಬಿದ್ದ ಪ್ರತಿಗಳು ಕೈಯಲ್ಲಿರಬೇಕು. 'ಮೊದಲು ಅಧಿಕಾರಿಗಳನ್ನು ಕೇಳಿದಿರಾ' ಅನ್ನುವುದೇ ಮೊದಲ ಪ್ರಶ್ನೆ.

ಹಂತ 10: ನಿಮ್ಮ ಕೆರೆಗೆ ಜೌಗು ಪ್ರದೇಶದ ಅಧಿಸೂಚನೆ ಬೇಕಿದ್ದರೆ

ಇದು ದೂರದ ದಾರಿ. ಪರಿಸರ ಸಚಿವರ ಅಧ್ಯಕ್ಷತೆಯ ರಾಜ್ಯ ಜೌಗು ಪ್ರದೇಶ ಪ್ರಾಧಿಕಾರ ಶಿಫಾರಸು ಮಾಡಬೇಕು. ಶಿಫಾರಸಿನಿಂದ 240 ದಿನದೊಳಗೆ, ಆಕ್ಷೇಪಣೆಗಳನ್ನು ಕೇಳಿ, ಸರ್ಕಾರ ಅಂತಿಮ ಅಧಿಸೂಚನೆ ಹೊರಡಿಸಬೇಕು. ಅದಕ್ಕೆ ಮೊದಲು ಪ್ರತಿ ಕೆರೆಗೂ ಒಂದು ಸಂಕ್ಷಿಪ್ತ ದಾಖಲೆ ತಯಾರಾಗುತ್ತದೆ. ಕೆರೆಯ ಗಡಿ, ಪ್ರಭಾವ ವಲಯದ ಗಡಿ, ಜನರಿಗೆ ಮೊದಲಿನಿಂದ ಇರುವ ಹಕ್ಕುಗಳು, ಅನುಮತಿ ಇರುವ ಮತ್ತು ನಿಯಂತ್ರಣಕ್ಕೆ ಒಳಪಡುವ ಕೆಲಸಗಳ ಪಟ್ಟಿ ಅದರಲ್ಲಿರುತ್ತವೆ.

ಪ್ರಭಾವ ವಲಯ ಅಂದರೆ ಎಲ್ಲಿನ ಬದಲಾವಣೆ ಕೆರೆಗೆ ತಟ್ಟುತ್ತದೋ ಆ ಜಲಾನಯನ ಭಾಗ. ಮಾಗಡಿಯ ಹೆಬ್ಬಾತುಗಳು ಕೆರೆಯಲ್ಲಿ ತಂಗಿ, ಮೇಯಲು ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ನೀರಿನ ಅಂಚಿಗೆ ಬೇಲಿ ಹಾಕಿದ ಮಾತ್ರಕ್ಕೆ ಅವು ಉಳಿಯುವುದಿಲ್ಲ.

ಸುತ್ತಲಿನ ರೈತರಿಗೆ ಅಧಿಸೂಚನೆ ಅಂದರೆ ಭಯ. ಹೊಲ ಹೋಗುತ್ತದೆ, ಬೋರ್ ಹಾಕಲು ಬಿಡುವುದಿಲ್ಲ, ದನ ಇಳಿಸಲು ಬಿಡುವುದಿಲ್ಲ ಅನ್ನುತ್ತಾರೆ. ಅವರನ್ನು ಬಿಟ್ಟು ಮುಂದೆ ಹೋದರೆ ಊರಲ್ಲೇ ವಿರೋಧ ಕಟ್ಟಿಕೊಂಡಂತೆ. ಆ ದಾಖಲೆಯ 'ಮೊದಲಿನಿಂದ ಇರುವ ಹಕ್ಕುಗಳು' ಅನ್ನುವ ಭಾಗ ಇರುವುದೇ ಇದಕ್ಕಾಗಿ. ದನ ಕುಡಿಸುವವರು, ಬಟ್ಟೆ ಒಗೆಯುವವರು, ಬಲೆ ಹಾಕುವವರು, ತೂಬಿನ ನೀರು ಹಾಯಿಸುವವರು, ಗಣಪತಿ ಬಿಡುವವರು ಎಲ್ಲರನ್ನೂ ಗ್ರಾಮಸಭೆಗೆ ಕರೆದು ಒಂದೊಂದನ್ನೂ ಠರಾವಿನಲ್ಲಿ ಬರೆಸಿ. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಅದನ್ನು ಸೇರಿಸಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಕೆರೆಯ ಹಕ್ಕಿ, ಮೀನು, ಗಿಡಗಳ ಹೆಸರು ಬರೆಸಿ. ಎರಡರ ಪ್ರತಿಯನ್ನೂ ಜಿಲ್ಲಾಧಿಕಾರಿಗೆ ಮತ್ತು ಪ್ರಾಧಿಕಾರಕ್ಕೆ ಕಳಿಸಿ. ಕರಡು ರಾಜ್ಯಪತ್ರದಲ್ಲಿ ಬಂದ ಮೇಲೆ ಆಕ್ಷೇಪಣೆ ಬರೆಯುವುದಕ್ಕಿಂತ ಕರಡು ಬರೆಯುವವರ ಟೇಬಲ್ ಮೇಲೆ ಮೊದಲೇ ಈ ಠರಾವು ಇರುವುದು ಒಳ್ಳೆಯದು.